ಮನಸ್ಸಿನ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರಿಗೆ ವರ್ಗಾವಣೆ ಬಂದರೆ

ಸರಕಾರಿ ಕೆಲಸದಲ್ಲಿರುವ, ಕಾಸರಗೋಡು ಜಿಲ್ಲೆಯ ಬದಿಯಡ್ಕದವರಿಗೋ ಮಂಜೇಶ್ವರದವರಿಗೋ ತಿರುವನಂತಪುರಕ್ಕೆ ವರ್ಗಾವಣೆ ಬಂದಾಗ ಸುತ್ತಲಿನವರು ಹೇಳುವುದು ಒಂದೇ: "ಶುಕ್ರವಾರ ರೈಲು ಹತ್ತಿದರೆ ಬೆಳಿಗ್ಗೆ ಮನೆ, ಅದರಲ್ಲೇನುಂಟು?" ಬೈಪೋಲಾರ್, ಅಂದರೆ ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ಏರಿಳಿಯುವ ಕಾಯಿಲೆ, ಇರುವವರಿಗೆ ಕಷ್ಟ ಇರುವುದೇ ಆ ರೈಲಿನಲ್ಲಿ. ಬರುವಾಗ ಒಂದು ರಾತ್ರಿ, ಭಾನುವಾರ ಮರಳುವಾಗ ಇನ್ನೊಂದು, ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲೋ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲೋ ಅರೆನಿದ್ದೆ. ತಿಂಗಳಿಗೆ ಎಂಟು ರಾತ್ರಿ ಹೀಗೆ ಕಳೆದರೆ ಹತೋಟಿಯಲ್ಲಿದ್ದ ಉನ್ಮಾದ ಮತ್ತೆ ತಲೆಯೆತ್ತಬಹುದು. ನಿದ್ದೆಗೇಡು ಅದನ್ನು ಕೆರಳಿಸುತ್ತದೆಂದು ಯಾವ ಮನೋವೈದ್ಯರನ್ನು ಕೇಳಿದರೂ ಹೇಳುತ್ತಾರೆ.

ವರ್ಗಾವಣೆ ರದ್ದು ಮಾಡಿ ಎಂದು ಕೊಡುವ ಅರ್ಜಿಯಲ್ಲಿ ಬರೆಯಬೇಕಾದದ್ದು ಈ ಲೆಕ್ಕವನ್ನು. "ನಾನು ಮಾನಸಿಕ ರೋಗಿ, ಕರುಣೆ ತೋರಬೇಕು" ಎಂದಷ್ಟೇ ಬರೆದರೆ ಅಧಿಕಾರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಕಾಯಿಲೆಯ ಹೆಸರು ಮಾತ್ರ ಮೇಜಿನಿಂದ ಮೇಜಿಗೆ ದಾಟುತ್ತದೆ. ವೈದ್ಯರ ಪತ್ರದಲ್ಲಿ ಇಷ್ಟು ಬರೆಸಿಕೊಳ್ಳಿ: ಎಷ್ಟು ವರ್ಷದಿಂದ ಚಿಕಿತ್ಸೆ, ಎಷ್ಟು ವಾರಕ್ಕೊಮ್ಮೆ ತಪಾಸಣೆ, ಯಾವ ರಕ್ತಪರೀಕ್ಷೆ, ಮದ್ದಿನ ಮೇಲೆ ಕಣ್ಣಿಡುವವರು ಮನೆಯಲ್ಲಿ ಯಾರು, ಇದು ತಪ್ಪಿದರೆ ಏನಾಗಬಹುದು. ಆಪ್ತಸಮಾಲೋಚನೆ ಕನ್ನಡದಲ್ಲಿ ನಡೆಯುತ್ತಿದ್ದರೆ ಅದನ್ನೂ ಸೇರಿಸಿ. ಕಚೇರಿಯ ಮಲಯಾಳ ಎಷ್ಟೇ ಚೆನ್ನಾಗಿ ಬಂದರೂ ಎದೆಯೊಳಗಿನ ಸಂಕಟವನ್ನು ಅದರಲ್ಲಿ ಹೇಳಿಕೊಳ್ಳುವುದು ಬೇರೆಯೇ ಕೆಲಸ. ಪತ್ರವನ್ನು ಮುಚ್ಚಿದ ಲಕೋಟೆಯಲ್ಲಿಟ್ಟು "ಗೌಪ್ಯ" ಎಂದು ಬರೆದು ಲಗತ್ತಿಸಿ. ಅರ್ಜಿಯ ನಕಲಿಗೆ ದಿನಾಂಕದ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.

ಬೇಡಿಕೆ ಒಂದೇ ಇಡಬೇಡಿ. ರದ್ದತಿ ಆಗದಿದ್ದರೆ ಜಿಲ್ಲೆಯೊಳಗೆ ಅಥವಾ ಕಣ್ಣೂರಿನವರೆಗೆ, ಅದೂ ಆಗದಿದ್ದರೆ ಆರು ತಿಂಗಳ ಕಾಲಾವಕಾಶ ಎಂದು ಕ್ರಮವಾಗಿ ಕೇಳಿ. ಕನ್ನಡದಲ್ಲಿ ಸರಕಾರಕ್ಕೆ ಬರೆಯುವ ಹಕ್ಕು ನಮಗೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಿಂದಲೇ ಇದೆ. ಆದರೂ ಸಮಯ ಕಡಿಮೆ ಇರುವ ಈ ಅರ್ಜಿಯ ಜೊತೆ ಮಲಯಾಳ ಪ್ರತಿಯನ್ನೂ ಇಡಿ ಎನ್ನುತ್ತೇನೆ. ಭಾಷೆಯ ಹೋರಾಟಕ್ಕೆ ಬೇರೆ ದಿನ ಸಿಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅದರ 23ನೇ ಸೆಕ್ಷನ್ ಪ್ರಕಾರ ಸರಕಾರಿ ಸಂಸ್ಥೆಗಳಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಆಗಬೇಕು. ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವಿದ್ದರೆ ಬಲ ಹೆಚ್ಚು. ಅದನ್ನು ಕೊಡುವ ವೈದ್ಯಕೀಯ ಮಂಡಳಿ ನೋಡುವುದು ಸ್ವಂತ ಆರೈಕೆ, ಜನರೊಂದಿಗಿನ ಸಂಬಂಧ, ಸಂವಹನ ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ವಿಷಯ, ಜೊತೆಗೆ ಕಾಯಿಲೆಯ ಅವಧಿ. ಅಲ್ಲಿ ಸಂಕೋಚದಿಂದ "ಎಲ್ಲ ಸರಿ ಉಂಟು" ಎಂದುಬಿಡುವವರು ಬಹಳ. ಕೆಟ್ಟ ದಿನಗಳನ್ನು ಕಂಡಿರುವ ಅಕ್ಕನನ್ನೋ ಗಂಡನನ್ನೋ ಜೊತೆಗೆ ಕರೆದೊಯ್ಯಿರಿ.

ದೊಡ್ಡ ತಪ್ಪು ಆಗುವುದು ರಿಲೀವ್ ಆದ ಮೇಲೆ. ಜಾಯಿನ್ ಆಗದೆ, ರಜೆ ಅರ್ಜಿಯನ್ನೂ ಕೊಡದೆ ಫೋನ್ ಬಂದ್ ಮಾಡಿ ಕೂರುವುದು. ಖಿನ್ನತೆಯಲ್ಲಿ ಹಾಗೆ ಮಾಡುವುದು ಅರ್ಥವಾಗುತ್ತದೆ, ಆದರೆ ದಾಖಲೆಯಲ್ಲಿ ಅದು ಅನಧಿಕೃತ ಗೈರುಹಾಜರಿ. ವೈದ್ಯಕೀಯ ಪ್ರಮಾಣಪತ್ರದೊಂದಿಗೆ ರಜೆ ಅರ್ಜಿ ಹೋಗಲೇಬೇಕು, ಮನೆಯವರ ಕೈಯಲ್ಲಾದರೂ. ಶಿಸ್ತುಕ್ರಮ ಶುರುವಾಗಿಬಿಟ್ಟಿದ್ದರೆ ವಕೀಲರಿಗೆ ರವೀಂದರ್ ಕುಮಾರ್ ಧಾರಿವಾಲ್ ಪ್ರಕರಣದ 2021ರ ಸುಪ್ರೀಂ ಕೋರ್ಟ್ ತೀರ್ಪನ್ನು ನೆನಪಿಸಿ. ಮಾನಸಿಕ ಅಂಗವೈಕಲ್ಯವಿರುವ ನೌಕರನ ಮೇಲಿನ ಶಿಸ್ತುಕ್ರಮದ ಬಗ್ಗೆಯೇ ಅದು ಇರುವುದು.

ಹೋಗಲೇಬೇಕಾಗಿ ಬಂದರೆ ಒಂದು ತಿಂಗಳ ಮದ್ದು ಮತ್ತು ಹೊಸ ತಾರೀಕಿನ ಚೀಟಿ ಕೈಚೀಲದಲ್ಲಿರಲಿ. ಹಳೆಯ ಚೀಟಿಗೆ ಕ್ಲೋನಾಜೆಪಾಮ್‌ನಂಥ ಆತಂಕ, ನಿದ್ದೆಯ ಮದ್ದು ಕೊಡಲು ಅಂಗಡಿಯವರು ಒಪ್ಪಲಿಕ್ಕಿಲ್ಲ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಮದ್ದು ತೆಗೆದುಕೊಳ್ಳುವವರು ಹೊರಡುವ ಮೊದಲೇ ರಕ್ತಪರೀಕ್ಷೆ ಮಾಡಿಸಿ, ಹಿಂದಿನ ಡೋಸ್ ಆಗಿ ಹನ್ನೆರಡು ತಾಸು ಕಳೆದ ಹೊತ್ತಿಗೆ. ಮನೆ ಸಾಗಿಸುವ ಬೆವರಿನಲ್ಲಿ ನೀರು ಕುಡಿಯದೆ, ಮೈಕೈ ನೋವಿಗೆ ಐಬುಪ್ರೊಫೇನ್ ನುಂಗಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಕೈ ನಡುಕ ಜೋರಾಗಿ ವಾಂತಿ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಮೊದಲ ಎರಡು ತಿಂಗಳು ವಾರವಾರ ಊರಿಗೆ ಓಡಬೇಡಿ, ಬಂದರೂ ಹಗಲು ರೈಲಿನಲ್ಲಿ ಬನ್ನಿ. ರಾತ್ರಿ ಒಬ್ಬರೇ ಇರುವಾಗ ತಡೆಯಲಾಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬೇಕೆಂದು ಕೇಳಿ.