ಸುರಂಗ ಬಾವಿಯ ನೀರು ಎತ್ತ ಹರಿಯಿತು

ನಾನು ಬಿ.ಎಸ್ಸಿ. ಮುಗಿಸಿ ಹದಿನೆಂಟು ವರ್ಷವಾಯಿತು. ಆಮೇಲೆ ಮಾಡಿದ್ದೆಲ್ಲಾ ಬೀಜ-ಗೊಬ್ಬರದ ಅಂಗಡಿಯ ಲೆಕ್ಕ ಬರೆಯುವ ಕೆಲಸ. ಆದರೂ ನಮ್ಮ ಕಡೆಯವರ ಮನೆಯಲ್ಲಿ ಮಿಕ್ಸಿ ಕೆಟ್ಟರೆ, ರಿಮೋಟು ಕೈಕೊಟ್ಟರೆ, ಯಾರಿಗಾದರೂ ಬಿಕ್ಕಳಿಕೆ ನಿಲ್ಲದಿದ್ದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಸೈನ್ಸ್ ಓದಿದವನು ನಾನೊಬ್ಬನೇ ಅಲ್ವಾ.

ಹಾಗಾಗಿ ಫೆಬ್ರವರಿ 26ರ ರಾತ್ರಿ ಒಂಬತ್ತಕ್ಕೆ ಅಕ್ಕನ ಫೋನು ಬಂದಾಗಲೇ ಎದೆ ಧಸಕ್ ಅಂದಿತು.

"ತಮ್ಮಾ, ನಾಡದು ಸಾಲಿಯಾಗ ಸೈನ್ಸ್ ಎಕ್ಸಿಬಿಷನ್ ಅದ ಅಂತ. ಇವ ಈಗ ಹೇಳ್ಲತ್ತಾನ ನೋಡು."

'ಇವ' ಅಂದರೆ ನನ್ನ ಅಳಿಯ, ಏಳನೇ ಕ್ಲಾಸು. ಹಿಂದಿನಿಂದ ಅವನ ದನಿಯೂ ಕೇಳಿತು: "ನಾ ಹೋದ ವಾರಾನೇ ಹೇಳೀನಿ. ನೀ ಸೀರಿಯಲ್ ನೋಡ್ಲತ್ತಿದ್ದಿ."

1928ರ ಫೆಬ್ರವರಿ 28ರಂದು ಸಿ.ವಿ. ರಾಮನ್ 'ರಾಮನ್ ಪರಿಣಾಮ' ಕಂಡುಹಿಡಿದರು. ಅದಕ್ಕೇ ಅವತ್ತು ರಾಷ್ಟ್ರೀಯ ವಿಜ್ಞಾನ ದಿನ. ಅದರ ಹಿಂದಿನ ದಿನ, 27, ಸೋದರಮಾವಂದಿರ ದಿನ.

ಸುಮ್ನೆ ಜ್ವಾಲಾಮುಖಿ ಮಾಡಿ ಕೈತೊಳೆದುಕೊಳ್ಳೋಣ ಅಂತ ನನ್ನ ಆಸೆ. ಅಡುಗೆ ಸೋಡಾ, ವಿನೆಗರ್, ಒಂಚೂರು ಕೆಂಪು ಬಣ್ಣ, ಮುಗೀತು. ಆದರೆ ಹೋದ ವರ್ಷ ಒಂದೇ ಕೋಣೆಯಲ್ಲಿ ಏಳು ಜ್ವಾಲಾಮುಖಿ ಉಕ್ಕಿದ್ದವಂತೆ. ಈ ಸಲ ಮೇಡಂ ಖಡಕ್ಕಾಗಿ ಬೇಡ ಅಂದಿದ್ದಾರೆ. ಅಳಿಯ ಆಗಲೇ ಬೇರೆ ಯೋಚನೆ ಮಾಡಿದ್ದ. "ಮಾಮಾ, ಸುರಂಗ ಬಾವಿ ಮಾಡಮ್."

ನಮ್ಮ ಬೀದರಿನ ನೌಬಾದದಲ್ಲಿ ಸುರಂಗ ಬಾವಿ ಇದೆ. ಪುಸ್ತಕದವರು ಕರೇಜ್ ಅನ್ನುತ್ತಾರೆ. 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ಪರ್ಷಿಯಾ ಕಡೆಯ ವಿದ್ಯೆ ನೋಡಿ ತೋಡಿಸಿದ್ದು. ನಮ್ಮೂರು ಕೂತಿರುವುದೇ ಕೆಂಪು ಕಲ್ಲಿನ ಮೇಲೆ. ಆ ಕಲ್ಲಿನ ತುಂಬಾ ತೂತು, ಮಳೆ ನೀರನ್ನು ಸ್ಪಂಜಿನ ಹಾಗೆ ಕುಡಿಯುತ್ತದೆ. ಅದರ ಕೆಳಗೆ ಗಟ್ಟಿ ಕರಿಕಲ್ಲು, ಅಲ್ಲಿ ನೀರು ಇಳಿಯುವುದಿಲ್ಲ. ಎರಡರ ನಡುವೆ ನಿಂತ ನೀರಿಗೆ ಸುರಂಗದಲ್ಲಿ ದಾರಿ ಕೊಟ್ಟರೆ ತಾನಾಗಿ ಹರಿದು ಊರಿಗೆ ಬರುತ್ತದೆ. ಮೋಟರಿಲ್ಲ, ಕರೆಂಟಿಲ್ಲ. ಮೇಲೆ ಅಲ್ಲಲ್ಲಿ ಗಾಳಿಗೆ, ಮಣ್ಣು ಎತ್ತಲಿಕ್ಕೆ ಬಾವಿಯಂಥ ಕಿಂಡಿಗಳು. ಗುಟ್ಟೆಲ್ಲಾ ಇಳುಕಲಿನಲ್ಲಿದೆ. ಜಾಸ್ತಿಯಾದರೆ ನೀರು ಸುರಂಗವನ್ನೇ ಕೊರೆಯುತ್ತದೆ, ಕಮ್ಮಿಯಾದರೆ ಹೂಳು ನಿಲ್ಲುತ್ತದೆ.

ಇಷ್ಟನ್ನು ಅಳಿಯನಿಗೆ ಗತ್ತಿನಿಂದ ಹೇಳಿದೆ. "ಗೊತ್ತದ ಮಾಮಾ, ನಾವು ಸಾಲಿಯಿಂದ ಹೋಗಿ ನೋಡೀವಿ" ಅಂದ.

27ರ ಬೆಳಗ್ಗೆ ಅಂಗಡಿಗೆ ರಜೆ ಹೇಳಿ ಅಕ್ಕನ ಮನೆ ಸೇರಿದೆ. ನಾಲ್ಕು ಅಡಿ ಪ್ಲೈವುಡ್, ಅದರ ಮೇಲೆ ಥರ್ಮಾಕೋಲಿನ ಗುಡ್ಡ, ಒಳಗೆ ಅರ್ಧ ಇಂಚಿನ ಪ್ಲಾಸ್ಟಿಕ್ ಪೈಪು. ಪೈಪಿನ ಜಾಯಿಂಟು ಭದ್ರ ಇರಲಿ ಅಂತ ಪ್ಲಂಬರುಗಳು ಹಚ್ಚುವ ಗಮ್ಮನ್ನು ಧಾರಾಳವಾಗಿ ಸುರಿದೆ. ಕಿವಿ ಹತ್ತಿರ ಇಟ್ಟರೆ 'ಚುಂಯ್' ಅಂತ ಸಣ್ಣ ಸದ್ದು. ನೋಡುತ್ತಿದ್ದಂತೆ ಗುಡ್ಡದ ಹೊಟ್ಟೆ ಒಳಗೆ ಇಳಿಯತೊಡಗಿತು. ಮೊದಲು ಕಾಸಿನಗಲ ಗುಳಿ, ಆಮೇಲೆ ತಾಟಿನಗಲ. ಅಂಚಿನಲ್ಲಿ ಬಿಳಿ ಎಳೆ ಎಳೆ, ಹರಿದ ಸೋನ್‌ಪಾಪಡಿ ಥರ. ಆ ಗಮ್ಮಿಗೆ ಥರ್ಮಾಕೋಲು ಕರಗುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ನೆನಪಾಗಿದ್ದು ಗುಡ್ಡ ಹೋದ ಮೇಲೆ.

"ಮಾಮಾ, ಇದು ಕೆಮಿಸ್ಟ್ರಿ ಪ್ರಾಜೆಕ್ಟ್ ಆಯ್ತಲ್ಲ" ಅಂದ ಅಳಿಯ. ಅಕ್ಕ ಬಂದು ನೋಡಿ, ಏನೂ ಅನ್ನದೆ ಚಹಾ ಇಟ್ಟು ಹೋದಳು. ಬೈದಿದ್ದರೇ ಚೆನ್ನಾಗಿತ್ತು.

ಕರಗಿದ ಜಾಗಕ್ಕೆ ಎಂ-ಸೀಲ್ ಮೆತ್ತಿ, ಮೇಲೆ ಕೆಂಪು ಮಣ್ಣು ಹಚ್ಚಿ, ಮಧ್ಯಾಹ್ನ ನೀರು ಬಿಟ್ಟೆವು. ಬರಲಿಲ್ಲ. ಮತ್ತೊಂದು ಚಂಬು ಹಾಕಿದೆವು. ಆಗ ಬಂತು, ಹಾಕಿದ ಬಾಯಿಂದಲೇ ವಾಪಸ್ಸು! ಪುಸ್ತಕದಲ್ಲಿ ಓದಿದಂತೆ ಇಳುಕಲು ಕಮ್ಮಿ ಇರಲಿ ಅಂತ ನಾಲ್ಕು ಅಡಿಗೆ ಅರ್ಧ ಇಂಚು ಕೊಟ್ಟಿದ್ದೆ. ಹರಿಯಬೇಕಿತ್ತು. ಪೈಪು ಊದಿದೆ, ಕಡ್ಡಿ ಆಡಿಸಿದೆ, ಪೈಪ್ ಮಾಡಿದವನನ್ನು ಬೈದೆ.

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದ ಗೌಂಡಿ ಕಾಂಪೌಂಡಿನ ಆಚೆಯಿಂದ ಇದನ್ನೆಲ್ಲಾ ನೋಡುತ್ತಿದ್ದ. ತಡೆಯಲಾಗದೆ ಒಳಗೇ ಬಂದ. ಕೈಯಲ್ಲಿ ಲೆವೆಲ್ ಪೈಪು, ಅಂದರೆ ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು. ಒಂದು ತುದಿ ಅಳಿಯನ ಕೈಗೆ ಕೊಟ್ಟು ಇನ್ನೊಂದನ್ನು ತಾನು ಹಿಡಿದ. ಎರಡೂ ಕಡೆ ನೀರು ಸ್ವಲ್ಪ ತೂಗಾಡಿ ನಿಂತಿತು. ಗೌಂಡಿ ಪೆನ್ಸಿಲಿನಿಂದ ಗೆರೆ ಎಳೆದ.

"ಸರ, ನಿಮ್ಮ ಪೈಪ್ ಬರೋಬರ್ ಅದ. ಮನಿ ಫರ್ಸಿ ಬಚ್ಚಲ ಕಡಿ ಇಳುಕ್ಲು ಅದ. ನೀವು ಉಲ್ಟಾ ಇಟ್ಟೀರಿ."

ಶಹಾಬಾದಿ ಫರ್ಸಿ ಹಾಕುವಾಗಲೇ, ತೊಳೆದ ನೀರು ಬಚ್ಚಲಿಗೆ ಹೋಗಲಿ ಅಂತ ಇಳುಕಲು ಕೊಟ್ಟಿದ್ದರು. ನನ್ನ ಅರ್ಧ ಇಂಚನ್ನು ಅದು ಪೂರಾ ನುಂಗಿತ್ತು. ಅಳಿಯ ಒಳಗೆ ಹೋಗಿ ಗಣಿತದ ಪುಸ್ತಕ ತಂದು ಹಲಗೆಯ ಒಂದು ತುದಿಗೆ ತುರುಕಿದ. ನೀರು ಸರಸರ ಹರಿದು ಬಟ್ಟಲಿಗೆ ಬಿತ್ತು. ಆ ಪುಸ್ತಕ ವರ್ಷದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು ಅಂದಳು ಅಕ್ಕ.

ಮರುದಿನ ಆಟೋದಲ್ಲಿ ಹಲಗೆಯನ್ನು ಕೂಸಿನ ಹಾಗೆ ತೊಡೆ ಮೇಲೆ ಮಲಗಿಸಿಕೊಂಡು ಹೋದೆ. ದಾರಿಯಲ್ಲಿ ಒಂದು ಹಂಪು. ಎಲ್ಲೋ 'ಟಕ್' ಅಂತು. ಆಟೋದ್ದೇ ಇರಬೇಕು ಅಂದುಕೊಂಡೆ.

ನಮ್ಮ ಟೇಬಲ್ಲಿಗೆ ಹತ್ತಿಕೊಂಡೇ ಎರಡು ಜಡೆಯ ಒಬ್ಬ ಹುಡುಗಿ. ಚಾರ್ಟಿನ ಮೇಲೆ 'ಟ್ಯಾಂಕ್ ತುಂಬಿದರೆ ಕೂಗುವ ಗಂಟೆ' ಅಂತ ಬರೆದಿತ್ತು. ಒಂದು ಬ್ಯಾಟರಿ, ಒಂದು ಬಜರ್, ಒಂದಕ್ಕೊಂದು ತಾಗದಂತೆ ಇಟ್ಟ ಎರಡು ತಂತಿ. ತಂತಿಗಳನ್ನು ಟೇಬಲ್ ಮೇಲೆ ಇಳಿಬಿಟ್ಟು ಪ್ಲಾಸ್ಟಿಕ್ ಡಬ್ಬಿಗೆ ನೀರು ತರಲು ಹೋಗಿದ್ದಳು.

ಪರೀಕ್ಷಕರು ಬಂದರು. ಅಳಿಯ ನೀರು ಬಿಟ್ಟು ಶುರು ಮಾಡಿದ: "ಸರ್, ಸುರಂಗ ಬಾವಿದಾಗ ನೀರು ತಾನೇ ಹರಿದು ಎಲ್ಲಿ ಮುಟ್ಟಬೇಕೋ ಅಲ್ಲೇ ಮುಟ್ತದ..."

ಕೀಂಽಽಽ!

ಎಲ್ಲರೂ ಬೆಚ್ಚಿದರು. ಎಂ-ಸೀಲ್ ಒಡೆದು ನಮ್ಮ ನೀರು ಹಲಗೆಯ ಕೆಳಗಿಂದ ಕಳ್ಳನ ಹಾಗೆ ಹರಿದು ಪಕ್ಕದ ಟೇಬಲ್ಲಿನ ತಂತಿಗಳನ್ನು ಮುಟ್ಟಿತ್ತು. ಬೋರಿನ ನೀರು, ಲವಣ ಜಾಸ್ತಿ, ಕರೆಂಟು ಸಲೀಸಾಗಿ ಹರಿಯುತ್ತದೆ. ನನ್ನ ಬಿ.ಎಸ್ಸಿ. ನೆನಪಾಗಿದ್ದು ಅಲ್ಲಿ, ಯಾರೂ ಕೇಳದಿದ್ದಾಗ.

ಅಷ್ಟರಲ್ಲಿ ಹುಡುಗಿ ಓಡಿ ಬಂದಳು. ಒಂದು ಕ್ಷಣ ನಮ್ಮನ್ನು ನೋಡಿದಳು, ತಂತಿ ನೋಡಿದಳು, ಪರೀಕ್ಷಕರ ಕಡೆ ತಿರುಗಿದಳು. "ಸರ್, ಟ್ಯಾಂಕ್ ಅಷ್ಟೇ ಅಲ್ರಿ. ಬಾಜೂದವ್ರ ನೀರು ಸೋರಿದ್ರೂ ಇದು ಹೇಳ್ತದ."

ಮೊದಲ ಬಹುಮಾನ ಅವಳಿಗೆ. ನಮಗೆ ಭಾಗವಹಿಸಿದ್ದಕ್ಕೆ ಒಂದು ಸರ್ಟಿಫಿಕೇಟು, ಅದರ ಒಂದು ಮೂಲೆ ಒದ್ದೆ. ಹೊರಡುವಾಗ ಹುಡುಗಿ ಬಹುಮಾನದ ಸ್ಟೀಲಿನ ನೀರಿನ ಬಾಟಲಿ ಹಿಡಿದುಕೊಂಡು ಬಂದು, "ಅಂಕಲ್, ಮುಂದಿನ ವರ್ಷಾನೂ ನಮ್ಮ ಬಾಜೂಕೇ ಇಡ್ರಿ" ಅಂದಳು.

ಅಳಿಯ ಬಾಟಲಿಯನ್ನೇ ನೋಡುತ್ತಿದ್ದ. "ಮುಚ್ಚಳ ಗಟ್ಟಿ ಅದ ಏನ್ ನೋಡ್ಕೋ" ಅಂದ.