ಆರಡಿ ಅಗಲದ ಅಧ್ಯಕ್ಷರು

ನಮ್ಮ ಬಡಾವಣೆಯ ಕನ್ನಡ ಸಂಘದ ಅಧ್ಯಕ್ಷರಿಗೆ ಮೀಸೆ ಚೆನ್ನಾಗಿದೆ. ಒಳ್ಳೆ ಫೋಟೋ ಮಾತ್ರ ಒಂದೂ ಇಲ್ಲ. ಇರುವುದೆಲ್ಲ ಮದುವೆಮನೆಯ ಗುಂಪಿನಲ್ಲಿ, ಪಕ್ಕದವರ ಭುಜದ ಸಮೇತ. ಯಾರೋ ಯಾರಿಗೋ ವಾಟ್ಸಾಪ್ ಮಾಡಿ, ಅವರು ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸುವ ಹೊತ್ತಿಗೆ ಮುಖದ ಪಾಲಿಗೆ ಅಡ್ಡಡ್ಡ 200 ಪಿಕ್ಸೆಲ್ ಉಳಿದಿತ್ತು.

"ರಾಜ್ಯೋತ್ಸವಕ್ಕೆ ಬ್ಯಾನರ್ ಮಾಡಿಕೊಡಿ ಸರ್, ನಿಮಗೆ ಕಂಪ್ಯೂಟರ್ ಗೊತ್ತಲ್ವಾ" ಎಂದರು ಕಾರ್ಯದರ್ಶಿ. ಬ್ಯಾನರ್ ಉದ್ದ 20 ಅಡಿ. ಅದರಲ್ಲಿ ಅಧ್ಯಕ್ಷರ ಮುಖವೇ 6 ಅಡಿ.

ಲೆಕ್ಕ ಹಾಕಿ ನೋಡಿ. ಆರಡಿಗೆ 200 ಚುಕ್ಕಿ ಎಂದರೆ ಒಂದೊಂದು ಚುಕ್ಕಿ 9 ಮಿಲಿಮೀಟರ್. ಹತ್ತಿರ ಹತ್ತಿರ ಕಿರುಬೆರಳ ಉಗುರಿನಷ್ಟು. ರಾಸ್ಟರ್, ಅಂದರೆ ಚುಕ್ಕಿ ಜೋಡಿಸಿ ಮಾಡಿದ ಚಿತ್ರದ ಹಣೆಬರಹವೇ ಅದು. ಎಳೆದರೆ ಚುಕ್ಕಿ ದೊಡ್ಡದಾಗುತ್ತದೆಯೇ ಹೊರತು ಹೊಸ ಮೀಸೆ ಕೂದಲು ಹುಟ್ಟುವುದಿಲ್ಲ.

ಬಾವುಟದ್ದು ತಕರಾರಿಲ್ಲ. ಇಂಕ್‌ಸ್ಕೇಪ್ ಎಂಬ ವೆಕ್ಟರ್ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಎರಡು ಆಯತ ಎಳೆದೆ. ಮೇಲೆ ಹಳದಿ, ಕೆಳಗೆ ಕೆಂಪು, ಮುಗೀತು. ವೆಕ್ಟರ್ ಫೈಲ್ ಇಟ್ಟುಕೊಳ್ಳುವುದು ಮೂಲೆ ಎಲ್ಲಿದೆ, ಬಣ್ಣ ಯಾವುದು ಎಂಬಷ್ಟನ್ನೇ. ಅಂಚೆಚೀಟಿಗೆ ಇಳಿಸಿ, ಬಸ್ ಸ್ಟ್ಯಾಂಡ್ ಮೇಲೆ ಏರಿಸಿ, ಅಂಚು ಅಷ್ಟೇ ಚೂಪು. ಕಾರ್ಯದರ್ಶಿ ಕಳಿಸಿದ್ದ ಜೆಪಿಜಿ ಬಾವುಟದಲ್ಲಾದರೆ ಹಳದಿ-ಕೆಂಪು ಸೇರುವ ಕಡೆ ಯಾರೋ ಸಾರು ಚೆಲ್ಲಿ ಒರೆಸಿದ ಹಾಗಿತ್ತು.

ಅಕ್ಷರಗಳಿಗೂ ವೆಕ್ಟರೇ ಸರಿ. ಅದರಲ್ಲಿ ಬಳಸುವ ಬೆಜಿಯರ್ ಎಂಬ ಬಾಗುಗೆರೆಗಳನ್ನು 1960ರ ದಶಕದಲ್ಲಿ ಪ್ರಸಿದ್ಧಿಗೆ ತಂದವರು ಫ್ರಾನ್ಸಿನ ರೆನೋ ಕಾರ್ ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯರ್. ಅವರಿಗೆ ಬೇಕಾಗಿದ್ದದ್ದು ಕಾರಿನ ಮೈಯ ತಿರುವು. ಆದರೆ ಕನ್ನಡದಲ್ಲಿ ನೇರ ಗೆರೆ ಹುಡುಕಿದರೂ ಸಿಗೋದು ಕಷ್ಟ ನೋಡಿ, ನನ್ನ ಪ್ರಕಾರ ಆ ಮಹಾನುಭಾವರ ಗಣಿತಕ್ಕೆ ರೆನೋಗಿಂತ ನಮ್ಮ ಅಕ್ಷರಮಾಲೆಯೇ ಜಾಸ್ತಿ ಕೆಲಸ ಕೊಟ್ಟಿದೆ.

ಇದನ್ನೆಲ್ಲ ಕಾರ್ಯದರ್ಶಿಗೆ ವಿವರಿಸಿದೆ. ಅವರು ಸಾವಧಾನವಾಗಿ ಕೇಳಿ, "ಹಾಗಾದ್ರೆ ಅಧ್ಯಕ್ಷರನ್ನೂ ವೆಕ್ಟರ್ ಮಾಡಿಬಿಡಿ ಸರ್" ಎಂದರು.

ಅದಕ್ಕೂ ಒಂದು ಸೌಲಭ್ಯವಿದೆ, ಟ್ರೇಸ್ ಬಿಟ್‌ಮ್ಯಾಪ್ ಅಂತ. ಒಂದೇ ಥರ ಕಾಣುವ ಬಣ್ಣಗಳನ್ನು ಗುಂಪು ಮಾಡಿ ಸುತ್ತ ಗೆರೆ ಎಳೆಯುತ್ತದೆ. ಲೋಗೋಗೆ ಒಳ್ಳೆಯದು. ಮುಖಕ್ಕೆ ಹಾಕಿದೆವು. ಮೀಸೆ ಮೂಗಿನ ಹೊಳ್ಳೆಯ ಜೊತೆ ಸೇರಿಕೊಂಡಿತು. ಹಲ್ಲಿಗೂ ಬಿಳಿ ಶರ್ಟಿನ ಕಾಲರಿಗೂ ನೇರ ಸಂಪರ್ಕ ಏರ್ಪಟ್ಟಿತು. ಎಡಗಿವಿ ಪಕ್ಕದವರ ಭುಜಕ್ಕೆ ಹೋಯಿತು. ಅಂಚುಗಳು ಮಾತ್ರ ಅದ್ಭುತ, ಎಲ್ಲೂ ಒಡೆದಿರಲಿಲ್ಲ. ಅಧ್ಯಕ್ಷರು ಒಂದು ನಿಮಿಷ ನೋಡಿ, "ಇವರು ಯಾರು? ಉಪಾಧ್ಯಕ್ಷರಾ?" ಎಂದು ಕೇಳಿದರು.

ಖಜಾಂಚಿಯವರದು ಬೇರೆ ದಾರಿ. ಅದೇ ಫೋಟೋವನ್ನು ಪಿಡಿಎಫ್ ಮಾಡಿ ಕಳಿಸಿ, "ಈಗ ವೆಕ್ಟರ್ ಆಯ್ತು" ಎಂದು ಬರೆದರು. ಪಿಡಿಎಫ್ ಒಳಗೆ ಕೂತರೂ ಫೋಟೋ ಫೋಟೋನೇ. ಹೇಳಲಿಲ್ಲ. ಚಂದಾ ಪುಸ್ತಕ ಅವರ ಕೈಯಲ್ಲಿದೆ.

ಕೊನೆಗೆ ಮುಖ ಫೋಟೋ, ಉಳಿದದ್ದೆಲ್ಲ ವೆಕ್ಟರ್ ಎಂದು ತೀರ್ಮಾನವಾಗಿ ಫೈಲ್ ಪ್ರಿಂಟಿಂಗ್ ಅಂಗಡಿಗೆ ಹೋಯಿತು. ಅಲ್ಲಿನ ಹುಡುಗನಿಗೆ ನನ್ನ ಫಾಂಟ್ ಹಿಡಿಸಲಿಲ್ಲ. ಕೋರೆಲ್‌ಡ್ರಾ ಎಂಬ ಇನ್ನೊಂದು ವೆಕ್ಟರ್ ತಂತ್ರಾಂಶದಲ್ಲಿ ತಾನೇ ಹೊಸದಾಗಿ ಟೈಪ್ ಮಾಡಿದ. ಕಂಟ್ರೋಲ್ ಕ್ಯೂ ಒತ್ತಿ ಅಕ್ಷರಗಳನ್ನೆಲ್ಲ ಕರ್ವ್ಸ್ ಮಾಡಿದ. ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದೆ ಅಕ್ಷರ ಕೆಡಬಾರದು ಅಂತ ಎಲ್ಲರೂ ಹಾಗೇ ಮಾಡುತ್ತಾರೆ. ಆಮೇಲೆ ಅದು ಬರೀ ಆಕೃತಿ. ಬ್ಯಾಕ್‌ಸ್ಪೇಸ್ ನಡೆಯಲ್ಲ.

ಆಗ ಕಂಡಿತು: "ಹಾರ್ಧಿಕ ಶುಭಾಶಯಗಳು".

ನಾನು ತಲೆ ಮೇಲೆ ಕೈ ಹೊತ್ತೆ. ಹುಡುಗ ಚಹಾ ಲೋಟ ಕೆಳಗಿಡಲೂ ಇಲ್ಲ. ಶೇಪ್ ಟೂಲ್ ತಗೊಂಡು ಧಿಯ ಹೊಟ್ಟೆ ಸೀಳಿದ್ದ ಗೆರೆಯ ಸುತ್ತಲಿನ ನೋಡ್‌ಗಳನ್ನು, ಅಂದರೆ ಆಕೃತಿಯ ಅಂಚು ಹಿಡಿದಿಡುವ ಬಿಂದುಗಳನ್ನು, ಆರಿಸಿ ಡಿಲೀಟ್ ಒತ್ತಿದ. ಮಹಾಪ್ರಾಣ ಹೋಯಿತು. ತಳ ಒಂಚೂರು ಉಬ್ಬಿಕೊಂಡಿತು, ಗೆರೆ ಬಾಗಿಸುವ ಹ್ಯಾಂಡಲ್ ಹಿಡಿದು ಒಳಗೆ ತಳ್ಳಿದ. ದಿ ಆಯಿತು. ವ್ಯಾಕರಣ ಮೇಷ್ಟ್ರು ವರ್ಷಗಟ್ಟಲೆ ಕಿವಿ ಹಿಂಡಿ ತಿದ್ದಿದ್ದನ್ನು ಇವನು ಒಂದು ಗುಟುಕಿನಲ್ಲಿ ಮುಗಿಸಿದ.

ನವೆಂಬರ್ 1ಕ್ಕೆ ಬ್ಯಾನರ್ ಕಂಬ ಏರಿತು. ರಸ್ತೆ ಆಚೆಯಿಂದ ನೋಡಿದರೆ ಮುಖ ಪರವಾಗಿಲ್ಲ. ಅಷ್ಟು ದೂರಕ್ಕೆ ಕಣ್ಣೇ ಚುಕ್ಕಿಗಳನ್ನು ಕಲೆಸಿಬಿಡುತ್ತದೆ. ಆದರೆ ಅಧ್ಯಕ್ಷರಿಗೆ ಅದರ ಪಕ್ಕದಲ್ಲೇ ನಿಂತು ಸೆಲ್ಫಿ ಬೇಕಿತ್ತು. ತಮ್ಮದೇ ಗಲ್ಲದ ಚೌಕಗಳನ್ನು ಹತ್ತಿರದಿಂದ ನೋಡಿ, "ಪ್ರಿಂಟಿಂಗ್ ಸರಿ ಇಲ್ಲ" ಎಂದರು.

ಮುಂದಿನ ಸಲಕ್ಕೆ ಇರಲಿ ಅಂತ ಸಂಘದ ಲೋಗೋದ ಎಸ್‌ವಿಜಿ ಎಂಬ ವೆಕ್ಟರ್ ಫೈಲನ್ನು ಕಾರ್ಯದರ್ಶಿಗೆ ಕಳಿಸಿದೆ. "ಓಪನ್ ಆಗ್ತಿಲ್ಲ ಸರ್, ಪರವಾಗಿಲ್ಲ ಬಿಡಿ" ಎಂದು ಉತ್ತರ ಬಂತು. ಮೊನ್ನೆ ಲೆಟರ್‌ಹೆಡ್ ಮಾಡಿಸಲು ಅವರು ಅಂಗಡಿಗೆ ಕೊಟ್ಟ ಲೋಗೋ ನೋಡಿದೆ. ಬ್ಯಾನರಿನದೇ ಫೋಟೋ, ಓರೆಯಾಗಿ ತೆಗೆದದ್ದು. ಮಧ್ಯೆ ಒಂದು ಕೇಬಲ್ ವೈರ್ ಹಾದುಹೋಗಿದೆ. ಲೆಟರ್‌ಹೆಡ್‌ನಲ್ಲೂ ಹಾದುಹೋಗಿದೆ.