ಕತ್ತಿ ಹಿಡಿದವರು, ಕೊಳವೆ ಹೂತವರು

ಇಲ್ಲಿ ಅಮೆರಿಕದಲ್ಲಿ ಲಾಂಡ್ರಿ ಯಂತ್ರಕ್ಕೆಂದು ಚಿಲ್ಲರೆ ಎಣಿಸುತ್ತಿದ್ದೆ. ಒಂದು ಕ್ವಾರ್ಟರ್ (ಕಾಲು ಡಾಲರ್) ನಾಣ್ಯವನ್ನು ಯಂತ್ರಕ್ಕೆ ಹಾಕಲು ಮನಸ್ಸಾಗಲಿಲ್ಲ. ಅದರ ಮೇಲೆ ಶಾಲು ಹೊದ್ದ ಹೆಂಗಸು, ಏಳು ಮೊನೆಯ ನಕ್ಷತ್ರ, ಅಮೆರಿಕದ ಮೂಲನಿವಾಸಿಗಳಾದ ಚೆರೋಕೀ ಜನರದೇ ಲಿಪಿಯಲ್ಲಿ ಒಂದು ಸಾಲು. ಆಕೆ ವಿಲ್ಮಾ ಮ್ಯಾನ್‌ಕಿಲ್ಲರ್, 1985ರಲ್ಲಿ ಚೆರೋಕೀ ನೇಷನ್‌ನ ಚುಕ್ಕಾಣಿ ಹಿಡಿದ ಮೊದಲ ಮಹಿಳೆ. ಅವರು ಯಾವ ಯುದ್ಧವನ್ನೂ ಗೆದ್ದವರಲ್ಲ. ಒಕ್ಲಹೋಮಾದ ಬೆಲ್ ಎಂಬ ಬಡ ಹಳ್ಳಿಯಲ್ಲಿ ಊರವರನ್ನೇ ಒಗ್ಗೂಡಿಸಿ, ಅವರ ಕೈಯಿಂದಲೇ 16 ಮೈಲಿ ನೀರಿನ ಕೊಳವೆ ಹಾಕಿಸಿದವರು.

2022ರಿಂದ 2025ರವರೆಗೆ ಇಂಥ 20 ಮಹಿಳೆಯರು ಅಮೆರಿಕದ ನಾಣ್ಯಗಳ ಮೇಲೆ ಬಂದರು. ಕಪ್ಪು ಹೆಣ್ಣೆಂದು ಇಲ್ಲಿನ ವಿಮಾನ ತರಬೇತಿ ಶಾಲೆಗಳು ಸೇರಿಸಿಕೊಳ್ಳದಿದ್ದಾಗ ಫ್ರೆಂಚ್ ಕಲಿತು, ಫ್ರಾನ್ಸಿಗೆ ಹೋಗಿ, 1921ರಲ್ಲಿ ವಿಮಾನ ಹಾರಿಸುವ ಪರವಾನಗಿ ಪಡೆದ ಬೆಸ್ಸಿ ಕೋಲ್ಮನ್ ಅವರಲ್ಲೊಬ್ಬರು. ಅವರೆಲ್ಲ ಈಗ ಗಾಜಿನ ಪೆಟ್ಟಿಗೆಯಲ್ಲಿಲ್ಲ, ಜನರ ಜೇಬಿನಲ್ಲಿದ್ದಾರೆ.

ನಮ್ಮ ಊರಿನ ನೆನಪಾಗಿ ಹೊಟ್ಟೆ ಉರಿಯಿತು. ಚೆನ್ನಮ್ಮ, ಅಬ್ಬಕ್ಕ, ಓಬವ್ವ ಎಂದರೆ ನನಗೂ ಮೈ ನವಿರೇಳುತ್ತದೆ. ಆದರೆ ಛದ್ಮವೇಷ ಸ್ಪರ್ಧೆ ಬಂತೆಂದರೆ ಎಲ್ಲ ಮನೆಯಲ್ಲೂ ಅದೇ ರಟ್ಟಿನ ಕತ್ತಿ, ಅದೇ ಒನಕೆ, ಅದೇ ‘ನಿಮಗೇಕೆ ಕೊಡಬೇಕು ಕಪ್ಪ’. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ಆ ಕಾಲದಲ್ಲೇ ಕಾದಂಬರಿ ಬರೆದು, ತಾವೇ ಪ್ರಕಟಿಸಿ, ಪತ್ರಿಕೆ ನಡೆಸಿದ ನಂಜನಗೂಡು ತಿರುಮಲಾಂಬ ಯಾವ ಮಗುವಿಗೆ ಗೊತ್ತು? ಮಿಷಿಗನ್‌ನಲ್ಲಿ ಓದಿ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದ ರಾಜೇಶ್ವರಿ ಚಟರ್ಜಿ ಕನ್ನಡತಿ ಎಂದು ಎಷ್ಟು ಎಂಜಿನಿಯರುಗಳಿಗೆ ಗೊತ್ತು? ರಣರಂಗಕ್ಕಿಳಿಯದ ಹೆಣ್ಣು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಬಿದ್ದರೂ ಆಕೆ ಯಾವ ಜಾತಿಯವಳು ಎಂದು ವಿಚಾರಿಸಿಕೊಂಡ ಮೇಲೆಯೇ ಜಯಂತಿ, ವೃತ್ತ, ಹಾರ.

ಒಂದು ಮಾತು ಒಪ್ಪಲೇಬೇಕು. ಇಲ್ಲಿನ ಕಾನೂನಿನಂತೆ ಈ ನಾಣ್ಯದ ಗೌರವ ಸತ್ತವರಿಗೆ ಮಾತ್ರ. ಗಿಡ ನೆಟ್ಟು ಕಾಡು ಬೆಳೆಸಿದ ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ ಬದುಕಿದ್ದಾಗಲೇ, ತಮ್ಮ ಹಾಲಕ್ಕಿ ಉಡುಗೆಯಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದರು. 2021ರ ಆ ಚಿತ್ರವನ್ನು ಇಲ್ಲಿನ ಗೆಳೆಯರಿಗೆಲ್ಲ ತೋರಿಸಿದವನು ನಾನೇ.

ಈ ಬಾರಿ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಕೂಟದ ಮಕ್ಕಳಿಗೆ ತಿರುಮಲಾಂಬ, ತುಳಸಿ ಗೌಡರ ಪಾತ್ರ ಬರೆದುಕೊಡುವುದಾಗಿ ಹೇಳಿದ್ದೇನೆ. ಕತ್ತಿಯಿಲ್ಲದ ಪಾತ್ರಕ್ಕೆ ಮಕ್ಕಳು ಒಪ್ಪುವುದಿಲ್ಲ ಎಂದು ಹಿರಿಯರೊಬ್ಬರು ಈಗಾಗಲೇ ತಕರಾರು ತೆಗೆದಿದ್ದಾರೆ. ಮಕ್ಕಳನ್ನು ಇನ್ನೂ ಯಾರೂ ಕೇಳಿಲ್ಲ.